ಮೂಡಲಗಿಗೆ ಹೋದ ಮಾವಿನ ಕೇಕು

ನಮ್ಮ ಬೇಕರಿಯಲ್ಲಿ ವರ್ಷಗಟ್ಟಲೆ ಬ್ರೆಡ್ಡು ಬೇಯಿಸುವ ತಗಡು ತಿಕ್ಕಿದ ಉದ್ದವ್ವನಿಗೆ ಸಿಟ್ಟು ಬಂದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳಬೇಕು. ಇಬ್ಬರಿಗೆ ಹಂಚಬೇಕಾದದ್ದನ್ನು ದೇವರು ನಿನ್ನೊಬ್ಬಳಿಗೇ ಸುರಿದಿದ್ದಾನೆ ಜಹೀರಾ ಎಂದು ನನ್ನ ಗಂಡ ಗಫಾರ ಆಡಿಕೊಳ್ಳುತ್ತಾನೆ. ಸುರಿಯಲಿ ಬಿಡಿ. ಉದ್ದವ್ವನಂಥವಳು ಒಬ್ಬಳಿದ್ದ ಮೇಲೆ ಬಾಯಿ ಮಾಡುವವಳು ಒಬ್ಬಳು ಪಕ್ಕದಲ್ಲಿ ಇರಲೇಬೇಕು.

ನಮ್ಮದು ಹುಕ್ಕೇರಿಯಲ್ಲಿ ಸಣ್ಣ ಬೇಕರಿ, ಕಟ್ಟಿಗೆ ಉರಿಸುವ ಭಟ್ಟಿ. ದೀಪಾವಳಿ, ರಂಜಾನ್ ಬಂತೆಂದರೆ ಓಣಿಯ ಹೆಂಗಸರು ಮನೆಯಿಂದಲೇ ಹಿಟ್ಟು, ತುಪ್ಪ, ಸಕ್ಕರೆ ತಂದು ನಾನಕಟಾಯಿ ತಟ್ಟಿ ನಮ್ಮ ಭಟ್ಟಿಯಲ್ಲಿ ಬೇಯಿಸಿಕೊಂಡು ಹೋಗುತ್ತಾರೆ. ಉದ್ದವ್ವ ಮಾತ್ರ ಮಾವಿನ ಕಾಲದಲ್ಲಿ, ಬುದ್ಧ ಪೂರ್ಣಿಮೆಯ ಹಿಂದಿನ ದಿನ, ಮಾವಿನ ಕೇಕು ಬೇಯಿಸಲು ತನ್ನ ತಗಡು ತರುತ್ತಾಳೆ. ಬ್ರೆಡ್ಡು, ಪಾವು ಬೇಯಿಸಿ ತೆಗೆದ ಮೇಲೆ ಭಟ್ಟಿಯಲ್ಲಿ ಉಳಿಯುವ ಬಿಸಿ ಅವಳಿಗೆ ಸಾಕು. ನಾರು ತುಂಬಿದ ಜವಾರಿ ಮಾವಿನ ಹಣ್ಣು ಹಿಂಡಿ, ದಪ್ಪ ರವೆ, ಬೆಲ್ಲ, ಮೊಸರು, ತುಪ್ಪ ಸೇರಿಸಿ ಕಲಸುತ್ತಾಳೆ. ಮೇಲೆ ಹಣ್ಣಿನ ಹೋಳು ಒತ್ತಿ ಒಳಗೆ ತಳ್ಳುತ್ತಾಳೆ. ಅಂಚು ಕಪ್ಪಾಗುತ್ತದೆ, ನಡುವೆ ಬಿರುಕು ಬಿಡುತ್ತದೆ. ನೋಡಲು ಏನೂ ಚೆಂದವಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡರೆ ನನ್ನಂಥವಳೂ ಬೈಯುವುದನ್ನು ಮರೆತು ಇನ್ನೊಂದಕ್ಕೆ ಕೈ ಚಾಚುತ್ತಾಳೆ.

ಅವಳಿಗೊಬ್ಬನೇ ಮಗ, ಸೂರಜ. ದೀಪವಿಲ್ಲದೆ ರಸ್ತೆಯ ಮೇಲೆ ನಿಲ್ಲಿಸಿದ್ದ ಕಬ್ಬಿನ ಟ್ರ್ಯಾಲಿಗೆ ಬೈಕು ಗುದ್ದಿ ಸತ್ತ. ಹೆಂಡತಿ ದೀಪಾ ಇನ್ನೂ ಹುಡುಗಿಯೇ. ಮಗಳು ಆಮ್ರಪಾಲಿ ಮಾವಿನ ಕಾಲದಲ್ಲೇ ಹುಟ್ಟಿದ ಕೂಸು, ಹೆಸರಿಟ್ಟವಳು ಆಯಿ, ಅಂದರೆ ಅಜ್ಜಿ ಉದ್ದವ್ವ. ಬೆನ್ನಿಗೆ ಕಟ್ಟಿಕೊಂಡೇ ತಗಡು ತಿಕ್ಕಿ ಬೆಳೆಸಿದಳು. ಸೊಸೆಯ ಹಣೆಬರಹ ಇಷ್ಟೇ ಎಂದು ನೆಂಟರು ಕೈ ತೊಳೆದುಕೊಂಡಾಗ ಉದ್ದವ್ವ ತಾನೇ ಚಪ್ಪಲಿ ಸವೆಸಿ ಗಂಡು ಹುಡುಕಿದಳು. ಮೂಡಲಗಿಯ ಲಖನ, ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವವನು. ಕೂಸನ್ನು ತನ್ನದೆಂದೇ ಸಾಕುತ್ತೇನೆ ಎಂದ. ಒಳ್ಳೆಯವನು, ಸುಳ್ಳು ಯಾಕೆ ಹೇಳಲಿ.

ಮಾತುಕತೆಯ ದಿನ ಬುದ್ಧ ವಿಹಾರದಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಗೊಣಗಿದರು: “ಹಳೇ ಅತ್ತಿ ಬಂದು ಹೋಗಿ ಮಾಡಿದ್ರ ಕೂಸು ಹ್ಯಾಂಗ ಹೊಂದ್ಕೊಂಡೀತು?”

ಎಂದೂ ಎದ್ದು ಮಾತಾಡದ ಉದ್ದವ್ವ ಅಂದು ಎದ್ದಳು. “ನಾ ನಿಮ್ಮ ಮನೀ ಕಡೆ ಕಾಲ ಇಡೂದಿಲ್ರಿ. ಆಕಿ ತಾನಾಗಿ ಕೇಳೂತನಕ ನಾ ಯಾರಂತ ಹೇಳೂದೂ ಇಲ್ಲ.”

ಯಾರು ಕೇಳಿದ್ದರು ಆ ಮಾತನ್ನು? ಹಿರಿಯರು ಗೊಣಗುತ್ತಾರೆ, ಚಹಾ ಕುಡಿದು ಮರೆಯುತ್ತಾರೆ. ಇವಳು ಮಾತು ಕೊಟ್ಟು ಕೂತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಒಂದು ವಾರ ಅವಳೊಂದಿಗೆ ಮಾತು ಬಿಟ್ಟೆ. ಅವಳು ಎಂದಿನಂತೆ ಬಂದು ತಗಡು ತಿಕ್ಕಿ ಹೋದಳು. ಆಗಿನ್ನೂ ಮಾವಿನ ಕಾಲ; ಆಮ್ರಪಾಲಿಗೆ ಮೂರು ತುಂಬಿ ಕೆಲವು ದಿನವಾಗಿತ್ತು. ಈಗ ಎರಡನೇ ತರಗತಿ.

ಈ ವರ್ಷ ಪೂರ್ಣಿಮೆಗೆ ಸುತ್ತಲಿನ ವಿಹಾರಗಳೆಲ್ಲ ಮೂಡಲಗಿಯಲ್ಲಿ ಸೇರುವುದೆಂದು ಗೊತ್ತಾಯಿತು. ಈ ಕೂಟದ ರೂಢಿ ಏನೆಂದರೆ ಊರಿಗೊಂದು ಅಡುಗೆ. ಗೋಕಾಕದವರು ಅನ್ನ ಸಾರು, ಕೊಣ್ಣೂರದವರು ರೊಟ್ಟಿ ಪಲ್ಲೆ, ಹುಕ್ಕೇರಿಯವರು ಸಿಹಿ. ಯಾವ ಮನೆಯಲ್ಲಿ, ಯಾರು ಮಾಡಿದ್ದೆಂದು ಯಾರೂ ಕೇಳುವುದಿಲ್ಲ. ಊರಿನ ಹೆಸರಲ್ಲಿ ಬಂದದ್ದು ಊರಿನದು. ಓಣಿಯ ಹೆಂಗಸರು ಸಿಹಿಯನ್ನು ಉದ್ದವ್ವನಿಗೆ ಒಪ್ಪಿಸಿದರು.

ಪೂರ್ಣಿಮೆಯ ಹಿಂದಿನ ದಿನ ಅವಳು ಬೆಳಗ್ಗೆಯೇ ಬೇಕರಿಗೆ ಬಂದಳು. ಅವಳ ಮುಖದಲ್ಲಿ ಅಷ್ಟು ಕಳೆ ನೋಡಿ ಎಷ್ಟು ವರ್ಷವಾಗಿತ್ತೋ. ಹಣ್ಣು ಹಿಂಡುತ್ತ ಹೇಳಿದಳು:

“ಕೂಸು ಮಾರಿ ಮರೀತೈತಿ ಜಹೀರಾ. ನಾಲಿಗಿ ಮರಿಯೂದಿಲ್ಲ. ಒಂದು ತುತ್ತು ತಿಂದ್ರ ಸಾಕು, ಇದನ್ನ ಮಾಡಿದವರು ಯಾರು ಅಂತ ಕೇಳ್ತಾಳ. ಆಕಿ ತಾನಾಗಿ ಕೇಳಿದ್ರ ನಾ ಮಾತು ಮುರಿದಂಗ ಆಗೂದಿಲ್ಲಲ್ಲ?”

“ಆಗೂದಿಲ್ಲ. ಕೇಳಲಿಲ್ಲಂದ್ರ?”

“ಕೇಳ್ತಾಳ.”

ನನಗೆ ಹೆದರಿಕೆಯಾಯಿತು. ಹಾಗಾಗಿ ಮರುದಿನ ಗಲ್ಲಾಪೆಟ್ಟಿಗೆಯ ಮುಂದೆ ಗಫಾರನನ್ನು ಕೂರಿಸಿ ಅವಳ ಜೊತೆ ನಾನೂ ಹೊರಟೆ. ಬಸ್ಸಿನಲ್ಲಿ ಉದ್ದವ್ವ ಬಿಳಿ ಸೀರೆ ಉಟ್ಟು, ತಗಡುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಒಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗೋಕಾಕದಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ ಮೂಗು ಅರಳಿಸಿ, “ಏನೈತ್ರಿ ಅವ್ವಾರ ಅದರಾಗ, ಇಷ್ಟು ಘಮಾ ಬರಾಕತ್ತೈತಿ?” ಎಂದ.

“ಮೊಮ್ಮಗಳಿಗಿ ಒಯ್ಯಾಕತ್ತೇನ್ರಿ,” ಎಂದಳು.

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದೆ. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಮೂಡಲಗಿಯ ಪೆಂಡಾಲಿನಲ್ಲಿ ವಂದನೆ ಮುಗಿದು ಊಟದ ಸಾಲು ಶುರುವಾಯಿತು. ತಾಟು ಹಿಡಿದು ಜನ ಬರುತ್ತಿದ್ದರು, ನಾವು ಮೇಜಿನ ಹಿಂದೆ ನಿಂತು ನೀಡುತ್ತಿದ್ದೆವು. ಮೊದಲು ಕಂಡದ್ದು ದೀಪಾ, ಕಂಕುಳಲ್ಲಿ ಹೊಸ ಕೂಸು. ಉದ್ದವ್ವನನ್ನು ನೋಡಿದವಳೇ ನಿಂತಲ್ಲೇ ನಿಂತಳು. ಬಗ್ಗಿ ಕಾಲು ಮುಟ್ಟಲು ಹೋದಾಗ ಉದ್ದವ್ವ ಸಣ್ಣ ದನಿಯಲ್ಲಿ, “ಬ್ಯಾಡವ್ವಾ, ಮಂದಿ ನೋಡ್ತಾರ. ನಾ ಹುಕ್ಕೇರಿಯವರ ಜೋಡಿ ನೀಡಾಕ ಬಂದೀನಿ,” ಎಂದಳು. ದೀಪಾ ಕಣ್ಣೊರೆಸಿಕೊಂಡು ಮೇಜಿನ ಒಂದು ಬದಿಗೆ ಸರಿದಳು.

ಸ್ವಲ್ಪ ಹೊತ್ತಿಗೆ ಆಮ್ರಪಾಲಿ ಬಂದಳು. ಎರಡು ಜಡೆ, ಬಿಳಿ ಫ್ರಾಕು, ಸೂರಜನದೇ ಅಗಲ ಹಣೆ. ಉದ್ದವ್ವ ದೊಡ್ಡ ತುಂಡೊಂದನ್ನು ಮೊದಲೇ ಬದಿಗಿಟ್ಟಿದ್ದಳು. ಅದನ್ನು ಎರಡೂ ಕೈಯಲ್ಲಿ ಎತ್ತಿ ತಾಟಿಗೆ ಹಾಕಿದಳು. ಹುಡುಗಿ ಅಲ್ಲೇ ಕಚ್ಚಿದಳು. ನಿಂತಳು. ಇನ್ನೊಮ್ಮೆ ಕಚ್ಚಿದಳು. ತಲೆಯೆತ್ತಿ ಉದ್ದವ್ವನ ಮುಖ ನೋಡಿದಳು.

ಯಾ ಅಲ್ಲಾ, ಕೂಸು ಕೇಳುವಂತೆ ಮಾಡು ಎಂದು ಒಳಗೊಳಗೇ ಬೇಡಿಕೊಂಡೆ.

“ಇದನ್ನ ನಮ್ಮ ಆಯಿ ಮಾಡ್ತಾಳ್ರಿ,” ಎಂದಳು ಹುಡುಗಿ.

ಉದ್ದವ್ವ ಮೇಜಿನ ಮೇಲೆ ಬಗ್ಗಿದಳು. “ಯಾವ ಆಯಿ, ನನ್ನವ್ವಾ?”

ಹುಡುಗಿ ತಿರುಗಿ ಬೆರಳು ತೋರಿಸಿದಳು. ಕಂಬದ ಹತ್ತಿರ ಕುರ್ಚಿಯಲ್ಲಿ ಲಖನನ ತಾಯಿ ಸತ್ತೆವ್ವ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. “ಅಲ್ಲಿ ಕುಂತಾಳಲ್ರಿ, ಆಕಿ. ನಾ ಭಾಳ ಸಣ್ಣಾಕಿ ಇದ್ದಾಗಿಂದ ಮಾಡ್ತಾಳ. ಹಿಟ್ಟಿನ ಚೀಲದ ಮ್ಯಾಲ ನನ್ನ ಕುಂಡ್ರಿಸಿ, ಊದಿ ಊದಿ ಆರಿಸಿ ತಿನ್ನಿಸ್ತಿದ್ಲು. ನನಗಿನ್ನೂ ನೆನಪೈತಿ.”

ಹಿಟ್ಟಿನ ಚೀಲ. ರಕ್ತ ತಪಾಸಣೆ ಮಾಡುವವನ ಮನೆಯಲ್ಲಿ ಹಿಟ್ಟಿನ ಚೀಲ ಎಲ್ಲಿಂದ ಬರಬೇಕು? ಆ ಚೀಲ ನನ್ನ ಬೇಕರಿಯದು. ಅದರ ಮೇಲೆ ಕೂತ ಕೂಸಿಗೆ ಊದಿ ಊದಿ ತಿನ್ನಿಸಿದವಳು ಈ ಮೇಜಿನ ಹಿಂದೆ ನಿಂತವಳು. ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ. ಮೇಜಿನ ಕೆಳಗೆ ಉದ್ದವ್ವ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಳು.

“ಛಲೋ ಮಾಡ್ತಾಳೇನವ್ವಾ ನಿಮ್ಮ ಆಯಿ?” ಎಂದು ಕೇಳಿದಳು.

“ಹ್ಞೂಂ ರಿ. ನಿಮ್ದೂ ಛಲೋ ಆಗೈತ್ರಿ,” ಎಂದಿತು ಕೂಸು. ಒಳ್ಳೆಯ ಬುದ್ಧಿ ಕಲಿಸಿದ್ದಾರೆ. ಉದ್ದವ್ವ ಇನ್ನೊಂದು ತುಂಡು ಅದರ ತಾಟಿಗೆ ಹಾಕಿ, “ಇದನ್ನ ಆಯಿಗಿ ಕೊಡು,” ಎಂದಳು. ಹುಡುಗಿ ಓಡಿಹೋದಳು.

ಮೇಜಿನ ಬದಿಯಲ್ಲಿ ನಿಂತಿದ್ದ ದೀಪಾ ಅಳುತ್ತ ಹತ್ತಿರ ಬಂದಳು. “ಹೋದ ಹೊಸದಾಗ ಆಮ್ರಪಾಲಿ ಉಣ್ಣತಿದ್ದಿಲ್ಲ ಅತ್ತಿ. ನಿಮ್ಮ ಕೈಯಾನ ಕೇಕ ಬೇಕಂತ ಬಿದ್ದು ಹೊರಳಾಡಿ ಅಳತಿತ್ತು. ಕಲಸಾಕ ಕುಂತ್ರ ನನಗ ಕೈಕಾಲ ಆಡತಿದ್ದಿಲ್ಲ. ಈ ಮನಿ ಅತ್ತಿ ನನ್ನ ಕೇಳಿ ತಿಳಕೊಂಡು, ಭಟ್ಟಿ ಇಲ್ಲಂತ ಕುಕ್ಕರಿನ್ಯಾಗ ಉಸುಕು ಹಾಕಿ ಕಾಯಿಸಿ ಮಾಡಿದ್ರು. ಕೆಡತು. ಮತ್ತ ಮಾಡಿದ್ರು. ಆಮ್ಯಾಗ ಕೂಸು ಉಣ್ಣಾಕ ಹತ್ತಿತ್ರಿ.”

ಯಾರನ್ನು ಬೈಯಲಿ ನಾನು? ಮಂಡಿ ನೋಯುವ ಆ ಮುದುಕಿಯನ್ನೇ? ಪರರ ಕೂಸು ಹಸಿದಿರಬಾರದೆಂದು ಉಸುಕು ಕಾಯಿಸಿದವಳನ್ನೇ? ನನ್ನ ಇಷ್ಟು ಸಿಟ್ಟು ಜೀವಮಾನದಲ್ಲಿ ಅಂದು ಮೊದಲ ಸಲ ಯಾತಕ್ಕೂ ಬಾರದೆ ಹೋಯಿತು.

“ಛಲೋ ಮಾಡಿದ್ರು,” ಎಂದಳು ಉದ್ದವ್ವ. “ಹಸಿದಿದ್ರ ಏನು ಮಾಡಬೇಕಿತ್ತು ಮತ್ತ. ಹೋಗು, ನಿನ್ನ ಕೂಸು ಅಳಾಕತ್ತೈತಿ.”

ದೀಪಾ ಹೋದ ಮೇಲೆ ನಾನು ತಡೆಯಲಾರದೆ, “ಕರೀತೀನಿ ಅಕ್ಕಾ ಹುಡುಗೀನ. ಹೇಳಿಬಿಡು,” ಎಂದೆ.

ಅವಳು ಕಂಬದ ಕಡೆಯೇ ನೋಡುತ್ತಿದ್ದಳು. ಸತ್ತೆವ್ವ ತುಂಡು ಮುರಿದು ಮೊದಲ ತುತ್ತನ್ನು ಆಮ್ರಪಾಲಿಯ ಬಾಯಿಗೇ ಇಡುತ್ತಿದ್ದಳು.

“ಮರತಿದ್ರ ಹೇಳಬಹುದಿತ್ತು ಜಹೀರಾ. ಆಕಿ ಏನೂ ಮರತಿಲ್ಲ. ಎಲ್ಲಾ ನೆನಪೈತಿ. ಅದರಾಗ ನಾ ಒಬ್ಬಾಕಿ ಇಲ್ಲ.”

ಸಾಲಿನಲ್ಲಿ ಹಿಂದಿದ್ದವರು ತಾಟು ಮುಂದೆ ಚಾಚಿದರು. ಉದ್ದವ್ವನ ಕೈ ಏಳಲಿಲ್ಲ, ಹಾಗಾಗಿ ನಾನು ನೀಡಿದೆ.