ಹಿಂದಿನ ಗಾಲಿಗಳ ಶಕುಂತಲಕ್ಕ

ಚಳಿಗಾಲ ಬಂತೆಂದರೆ ಶಕುಂತಲಕ್ಕ ತಮ್ಮ ಕೆಂಪು ಕಾರಿನ ಡಿಕ್ಕಿಯಲ್ಲಿ ಎರಡು ಮೂಟೆ ಜೋಳದ ಹಿಟ್ಟು ಹೇರಿಕೊಂಡು ತಿರುಗುತ್ತಿದ್ದರು. ಕಾರು ಹಳೆಯದು, ಎರಡೇ ಸೀಟಿನದು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಎಂಜಿನ್ನಿನ ಬಲವೆಲ್ಲ ಹಿಂದಿನ ಗಾಲಿಗಳಿಗೇ ಹೋಗುತ್ತಿದ್ದುದರಿಂದ ಹಿಮದಲ್ಲಿ ಅದರ ಹಗುರವಾದ ಹಿಂಭಾಗ ಅತ್ತಿತ್ತ ಜಾರುತ್ತಿತ್ತು. ಹಿಟ್ಟಿನ ಭಾರ ಅದನ್ನು ಅದುಮಿ ಕೂರಿಸುತ್ತಿತ್ತು. ಮಾರ್ಚ್ ಬಂದಾಗ ಅದೇ ಹಿಟ್ಟಿನ ರೊಟ್ಟಿ ಬೀದಿಯವರಿಗೆಲ್ಲ. ಹಳೆಯ ಹಿಟ್ಟು, ರೊಟ್ಟಿ ಬಿರಿಯುತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

"ಮರಳಿನ ಚೀಲ ಇಟ್ರೂ ನಡೀತೈತಿ ಅಂತಾರ. ಆದ್ರ ಮರಳು ತಿನ್ನಾಕ ಬರ್ತೈತೇನು?" ಎನ್ನುತ್ತಿದ್ದರು.

ವಿಜಯಪುರದವರು, ಐವತ್ತೆಂಟರ ಒಂಟಿ ಹೆಂಗಸು. ಡಚ್ಚರ ನಾಡಿನ ವೆಲ್ಡ್‌ಹೋವನ್‌ನಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಯಂತ್ರಗಳ ಎಂಜಿನಿಯರ್. ಹತ್ತಿರದ ಬೆಸ್ಟ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆ. ಹಿಮ ಬೀಳುವಾಗಲೂ ಕಿಟಕಿ ತೆರೆದೇ ಕಾರು ಓಡಿಸುತ್ತಿದ್ದರು. ತಲೆಗೆ ಸುತ್ತಿದ ಮಫ್ಲರಿನಿಂದ ಒಂದು ಕಿವಿ ಮಾತ್ರ ಹೊರಗೆ. ಯಾಕೆಂದು ಕೇಳಿದ್ದಕ್ಕೆ, "ಹಿಂದಿನ ಗಾಲಿ ಮಾತಾಡ್ತಿರಬೇಕು ತಮ್ಮಾ. ಹಿಮದಾಗ ಕರಕರ ಅಂತಾವು. ಒಮ್ಮಿಗೇ ಸುಮ್ನಾದ್ವು ಅಂದ್ರ ಕೆಳಗ ಗಾಜಿನಂಥಾ ಬರ್ಫ ಐತಿ ಅಂತ ತಿಳಿ. ಆವಾಗ ಬ್ರೇಕ್ ಒತ್ತಬಾರದು, ಉಸಿರೂ ಬಿಡಬಾರದು" ಎಂದಿದ್ದರು.

ಕೊರೊನಾ ಬಂದ ಮರುವರ್ಷದ ಫೆಬ್ರವರಿ. ನನ್ನ ಹೆಂಡತಿ ಮಾಲಿನಿ ಐಂಡ್‌ಹೋವನ್ನಿನ ಆಸ್ಪತ್ರೆಯಲ್ಲಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅಲ್ಲಿಂದ ಫೋನ್ ಬಂತು: ಮಧ್ಯಾಹ್ನ ಅವಳನ್ನು ವೆಂಟಿಲೇಟರಿಗೆ ಹಾಕುತ್ತಾರೆ, ಅದಕ್ಕೆ ಮುಂಚೆ ಒಬ್ಬರು ಬಂದು ನೋಡಬಹುದು. ರಾತ್ರಿಯಿಡೀ ಹಿಮಗಾಳಿ ಬೀಸಿತ್ತು. ರೈಲಿಲ್ಲ, ಬಸ್ಸಿಲ್ಲ. ನನ್ನ ಬಳಿ ಇದ್ದದ್ದು ಸೈಕಲ್ಲು. ಅದನ್ನು ತಳ್ಳಿಕೊಂಡು ಹೊರಟವನನ್ನು ಶಕುಂತಲಕ್ಕ ಕಿಟಕಿಯಿಂದ ನೋಡಿ, ಏನಾಯಿತೆಂದು ಕೇಳಿ, ಚಪ್ಪಲಿಯಲ್ಲೇ ಹೊರಬಂದರು.

"ಮಾಸ್ಕ್ ಹಾಕ್ಕೊ. ಕಾರು ಹತ್ತು."

ಬೆಳಗಿನ ಹತ್ತು ಗಂಟೆ. ಆದರೂ ಲೋಕದಲ್ಲಿ ಯಾರೂ ಇರಲಿಲ್ಲ. ರಸ್ತೆ ಯಾವುದು, ಹೊಲ ಯಾವುದು, ಆಕಾಶ ಯಾವುದು ತಿಳಿಯದಂಥ ಬಿಳುಪು. ಕೇಳಿಸುತ್ತಿದ್ದದ್ದು ಗಾಲಿಗಳ ಕರಕರ ಒಂದೇ. ಕಾಲುದಾರಿಯಷ್ಟು ಕಿರಿದಾದ ಹಳೆಯ ರಸ್ತೆಯಲ್ಲಿ ಒಂದೆಡೆ ಅದೂ ನಿಂತುಹೋಯಿತು. ಕಾರು ಸದ್ದಿಲ್ಲದೆ ತೇಲತೊಡಗಿತು. ಅಕ್ಕ ಸ್ಟೀರಿಂಗನ್ನು ಎರಡು ಬೆರಳಲ್ಲಿ ಹಿಡಿದು ಕಾದರು. ಮತ್ತೆ ಕರಕರ ಕೇಳಿದಾಗ ನಾನು ತಲೆ ಎತ್ತಿದೆ. ಎದುರಿಗೆ, ರಸ್ತೆಯ ನಟ್ಟನಡುವೆ ಒಬ್ಬ ಮುದುಕ ನಿಂತಿದ್ದ.

ಮೈಮೇಲೆ ಮನೆಯ ಗೌನು, ಕಾಲಲ್ಲಿ ಬಟ್ಟೆಯ ಚಪ್ಪಲಿ. ಹುಬ್ಬಿನ ಮೇಲೆ ಹಿಮ. "ನನ್ನ ಹೆಂಡತಿ ಬರುತ್ತಿದ್ದಾಳೆ, ಇನ್ನೇನು ಬಂದಳು" ಎಂದು ಡಚ್ಚಿನಲ್ಲಿ ಶಾಂತವಾಗಿ ಹೇಳಿದ. ಗೌನಿನ ಮೇಲೆ ವೃದ್ಧಾಶ್ರಮದ ಹೆಸರಿನ ಪಟ್ಟಿ ಹೊಲಿದಿತ್ತು. ನಾವು ಎರಡು ಕಿಲೋಮೀಟರ್ ಹಿಂದೆ ದಾಟಿಬಂದ ಕಟ್ಟಡ. ಅಕ್ಕ ತುರ್ತುಸೇವೆಗೆ ಫೋನ್ ಮಾಡಿದರು. ಹಿಮದಲ್ಲಿ ಬರಲು ಒಂದು ಗಂಟೆಯಾದರೂ ಬೇಕೆಂದು ಅತ್ತಲಿಂದ ಉತ್ತರ ಬಂತು.

"ಅಕ್ಕಾ, ಟೈಮಿಲ್ಲ. ಹೇಳಾಯ್ತಲ್ಲ, ಅವ್ರು ಬರ್ತಾರೆ. ಹೋಗೋಣ" ಎಂದೆ.

"ಅಷ್ಟರಾಗ ಇವ ಸಾಯ್ತಾನ."

"ಅವನ್ಯಾರೋ! ಸಾಯ್ತಿರೋದು ನನ್ನ ಹೆಂಡ್ತಿ! ನಿಮಗೆ ಗಂಡನೋ ಮಕ್ಕಳೋ ಇದ್ದಿದ್ರೆ ಗೊತ್ತಾಗ್ತಿತ್ತು!"

ಅವರು ನನ್ನ ಮುಖ ನೋಡಲಿಲ್ಲ. "ಎರಡೇ ಸೀಟ್ ಐತಿ. ನೀ ಇಳಿ. ಇಪ್ಪತ್ತು ನಿಮಿಷ. ಅಲ್ಲಾಡಬ್ಯಾಡ" ಎಂದು ಮುದುಕನನ್ನು ನನ್ನ ಜಾಗದಲ್ಲಿ ಕೂರಿಸಿ, ತಮ್ಮ ಕೋಟು ಹೊದಿಸಿ, ಕಾರು ತಿರುಗಿಸಿಕೊಂಡು ಹೊರಟುಹೋದರು.

ಆ ಬಿಳುಪಿನಲ್ಲಿ ನಾನೊಬ್ಬನೇ. ಸ್ವಲ್ಪ ಹೊತ್ತಿಗೆ ಗಾಳಿಯೂ ನಿಂತಿತು. ಅಷ್ಟು ನಿಶ್ಶಬ್ದ ನಾನು ಹಿಂದೆಂದೂ ಕೇಳಿರಲಿಲ್ಲ. ಏಕೋ ಎರಡು ಬಾರಿ, ಯಾರಿಗೋ ಜಾಗ ಬಿಡುವವನಂತೆ, ಪಕ್ಕಕ್ಕೆ ಸರಿದೆ. ಸರಿದ ಮೇಲೆ ಯಾಕೆ ಸರಿದೆನೆಂದು ಹೆದರಿಕೆಯಾಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಅಕ್ಕ ಹೇಳಿದ ಹೊತ್ತಿಗೇ ಬಂದರು. ಹನ್ನೊಂದೂವರೆಗೆ ಆಸ್ಪತ್ರೆ ಸೇರಿದೆವು. ಮಾಲಿನಿ ಮಾಸ್ಕಿನೊಳಗಿಂದ, "ಮನೆ ಬಾಗ್ಲು ಹಾಕಿದ್ಯಾ?" ಎಂದು ಕೇಳಿದಳು. ಹಾಕಿರಲಿಲ್ಲ. ಹಾಕಿದ್ದೇನೆ ಎಂದೆ. ಆಮೇಲೆ ಹತ್ತೊಂಬತ್ತು ದಿನ ಅವಳು ಕಣ್ಣು ಬಿಡಲಿಲ್ಲ.

ನಾನು ಹೊರಬಂದಾಗ ಅಕ್ಕ ಅಲ್ಲೇ ಕಾದಿದ್ದರು. ವಾಪಸು ಬರುತ್ತ ತಾವಾಗಿಯೇ ಹೇಳಿದರು: "ಆ ಮುದುಕಪ್ಪ ದಾರ್‍ಯಾಗ, 'ನಿಧಾನ ಹೋಗಮ್ಮ, ಅಕಿ ನಡಕೋತ ಬರಾಕತ್ತಾಳ' ಅಂದ. ಕಾರಿನ ಕನ್ನಡ್ಯಾಗ ನೋಡಿದೆ, ಯಾರೂ ಇರಲಿಲ್ಲ. ಆದ್ರೂ ನಿಧಾನ ಮಾಡಿದೆ. ಆಶ್ರಮದ ನರ್ಸ್ ಹೇಳಿದ್ಲು, ಅವನ ಹೆಂಡ್ತಿ ಹೋದ ವಾರ ತೀರಿಕೊಂಡಾಳಂತ." ಆಮೇಲೆ ಕೇಳಿದರು, "ನಾ ನಿನ್ನ ಕರಿಯಾಕ ಬಂದಾಗ ನಿನ್ನ ಬಾಜೂಕ ನಿಂತಿದ್ದಾಕಿ ಯಾರು?"

"ಯಾರೂ ಇರ್ಲಿಲ್ಲ ಅಕ್ಕ. ನಾನೊಬ್ನೇ ಇದ್ದೆ."

"ಹೌದಽ?" ಎಂದರು. ಅಂದು ಮೊದಲ ಬಾರಿಗೆ ಅವರು ಕಿಟಕಿಯ ಗಾಜು ಏರಿಸಿದ್ದನ್ನು ನೋಡಿದೆ.

ಮಾಲಿನಿ ಉಳಿದಳು. ಬೇಸಿಗೆಯಲ್ಲಿ ಗೋಡೆ ಹಿಡಿದು ನಡೆಯಲು ಕಲಿತಳು. ನಾನು ಕ್ಷಮೆ ಕೇಳಲು ಹೋದಾಗ ಅಕ್ಕ ನಡುವೆಯೇ ತಡೆದರು. "ಹೆಂಡ್ತಿ ಸಲುವಾಗಿ ಅಂಜಿದಾವ ಹಂಗಽ ಮಾತಾಡ್ತಾನ. ಗಂಡ ಮಕ್ಕಳು ಇರದಿದ್ರೂ ನಂಗ ಅಷ್ಟು ತಿಳೀತೈತಿ."

ನವೆಂಬರಿನ ಒಂದು ಬೆಳಿಗ್ಗೆ ಅವರು ಗೇಟಿನ ಬಳಿ ನಿಂತು, ಚಳಿಗಾಲದ ಟೈರ್ ಹಾಕಿಸಿ ಬರುತ್ತೇನೆ ಎಂದರು. ಮಾಲಿನಿ ಕಾಫಿಗೆ ಕರೆದಳು. "ಬಂದು ಕುಡಿತೀನಿ" ಎಂದರು.

ಎರಡು ಗಂಟೆಯ ನಂತರ ಗ್ಯಾರೇಜಿನಿಂದ ನನಗೆ ಫೋನ್ ಬಂತು. ಕಾಯುವ ಕುರ್ಚಿಯಲ್ಲಿ ಕೂತಿದ್ದವರು ಕೂತ ಹಾಗೆಯೇ ಹೋಗಿದ್ದರು, ಹೃದಯಾಘಾತ. ನಾನು ಹೋಗುವಷ್ಟರಲ್ಲಿ ಅವರನ್ನು ಕರೆದೊಯ್ದಿದ್ದರು. ಕೆಂಪು ಕಾರು ಮಾತ್ರ ಕಾರೆತ್ತುವ ಲಿಫ್ಟಿನ ಮೇಲೆ, ಆಳೆತ್ತರದಲ್ಲಿ, ಗಾಲಿಗಳಿಲ್ಲದೆ ತೂಗುತ್ತಿತ್ತು. ಮೆಕ್ಯಾನಿಕ್ ಟೋಪಿ ಕೈಯಲ್ಲಿ ಹಿಡಿದು, ಏನು ಮಾಡಲಿ ಎಂದು ಕೇಳಿದ.

"ಹಾಕಿ" ಎಂದೆ.

ನಾಲ್ಕನೆಯ ಗಾಲಿಯ ಕೊನೆಯ ನಟ್ಟು ಬಿಗಿಯುವವರೆಗೆ ಅಲ್ಲೇ ನಿಂತಿದ್ದೆ.