ನಡುಕ ಬೇರೆ, ಅದುರು ಬೇರೆ

ಜೀಪು ಹತ್ತುವ ಮೊದಲು ನಮ್ಮ ಮೇಸ್ತ್ರಿ ಗುಡಿಗೆ ಹೋಗುವವರ ಹಾಗೆ ಚಪ್ಪಲಿ ಬಿಡುತ್ತಿದ್ದರು. ಎಣ್ಣೆ ಕುಡಿದು ಕಪ್ಪಾದ, ಬಿರುಕುಬಿಟ್ಟ ಹಿಮ್ಮಡಿಗಳನ್ನು ಗಾಡಿಯ ತಗಡಿಗೆ ಒತ್ತಿ ಕಣ್ಣು ಮುಚ್ಚಿದರೆಂದರೆ ನಿದ್ದೆ ಹೋದರೇನೋ ಅನ್ನಿಸಬೇಕು. ಹಿರಿಯೂರಿನ ಹೆದ್ದಾರಿ ಬದಿಯ ಅವರ ಶೆಡ್ಡಿನಲ್ಲಿ ಲಾರಿಯವರು ಗೇಲಿ ಮಾಡುತ್ತಿದ್ದರು: "ಮೇಸ್ತ್ರಿ ರಿಪೇರಿ ಮಾಡಲ್ಲ, ಕನಸು ಕಾಣ್ತಾರೆ."

ನಾನಾಗ ಹೊಸದುರ್ಗದ ಕಡೆಯ ಕುರಿಹಟ್ಟಿಗಳನ್ನು ಸುತ್ತುವ ದನದ ಡಾಕ್ಟರು. ಎಂಬತ್ತರ ದಶಕ, ಹೆಂಗಸು ಜೀಪು ಓಡಿಸುವುದೇ ಜನಕ್ಕೊಂದು ತಮಾಷೆ. ಹಿಂದಿನ ವರ್ಷ ನನ್ನ ಹಳೆಯ ಜೀಪಿನ ಹೊಟ್ಟೆ ಬಂಡೆಗೆ ಬಡಿದು ದಾರಿಯಲ್ಲೇ ನಿಂತಿತ್ತು. ಲಸಿಕೆ ತಲುಪುವುದರೊಳಗೆ ಮಳೆ ಬಿದ್ದು, ಹೊಸ ಹುಲ್ಲು ಮೇಯ್ದ ಮರಿಗಳು ಕರುಳುಬೇನೆಯಿಂದ ಸತ್ತುಹೋದವು. ಅದಕ್ಕೇ ಈ ಸಲ ಜೀಪನ್ನು ಎತ್ತರ ಮಾಡಿಕೊಡಲು ಮೇಸ್ತ್ರಿಯನ್ನು ಕೇಳಿದೆ.

"ಎರಡು ಬೆರಳು ಸಾಕು ಡಾಕ್ಟ್ರಮ್ಮ" ಅಂದರು. ನಾಲ್ಕು ಬೇಕೆಂದು ಹಟ ಹಿಡಿದೆ. ಮಾಡಿಕೊಟ್ಟರು.

ಬಂಡೆಯೇನೋ ತಾಗಲಿಲ್ಲ, ಆದರೆ ವೇಗ ಐವತ್ತಕ್ಕೆ ಬಂದರೆ ಇಡೀ ಗಾಡಿಗೆ ಜ್ವರ ಬಂದ ಹಾಗಾಗುತ್ತಿತ್ತು. ಬೇರೆಯವರು ಟೈರು ಬದಲಿಸಿ ನೋಡಿದರು, ಉಪಯೋಗವಾಗಲಿಲ್ಲ. ಮೋಡ ಕಟ್ಟುತ್ತಿತ್ತು. ಹಟ್ಟಿಯ ಇಬ್ಬರು ಹಿರಿಯರು ನನ್ನನ್ನು ಕರೆದೊಯ್ಯಲು ಶೆಡ್ಡಿಗೇ ಬಂದು ಕೂತರು. ಕಳೆದ ವರ್ಷದಿಂದ ನನ್ನ ಮೇಲೆ ಅವರಿಗೆ ಅರೆನಂಬಿಕೆ.

"ನಡುಗ್ತೈತೋ, ಅದುರ್ತೈತೋ?" ಮೇಸ್ತ್ರಿ ಕೇಳಿದರು.

"ಎರಡೂ ಒಂದೇ ಅಲ್ವೇನ್ರಿ!" ಎಂದು ರೇಗಿದೆ.

"ಎಲ್ಲೀದಮ್ಮ! ನಡುಕ ಸ್ಟೇರಿಂಗ್ ಹಿಡ್ದ ಕೈಗೆ ಬರ್ತೈತೆ. ಅದುರು ಕುಂಡಿಗೆ..." ಎಂದವರು ನಾಲಿಗೆ ಕಚ್ಚಿಕೊಂಡು, "ಸೀಟಿಗೆ ಬರ್ತೈತೆ" ಅಂದರು.

ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರಿಕಣಿವೆಯ ಕಡೆ ಹೊರಟೆ. ಬಿಸಿಲಿಗೆ ರಸ್ತೆ ನೀರಿನಂತೆ ಹೊಳೆಯುತ್ತಿತ್ತು. ದೂರದ ಗುಡ್ಡಗಳು ನಮ್ಮ ಜೊತೆಯೇ ಮೆಲ್ಲಗೆ ತೇಲಿ ಬರುತ್ತಿದ್ದವು. ಐವತ್ತಕ್ಕೆ ಅದುರು ಶುರುವಾಯಿತು. "ನ್ಯೂಟ್ರಲ್ ಮಾಡ್ರಿ" ಅಂದರು, ಕಣ್ಣು ತೆರೆಯದೆ. ಇಂಜಿನ್ನಿನ ಸದ್ದು ಇಳಿಯಿತು. ಗಾಳಿ, ಬಿಸಿಲು, ನಮ್ಮ ಕೆಳಗೆ ಆ ಸಣ್ಣ ಕಂಪನ, ಅಷ್ಟೇ. ಎಷ್ಟು ಹೊತ್ತು ಹಾಗೆ ಸಾಗಿದೆವೋ ತಿಳಿಯದು, ಅವಸರವೂ ಮರೆತುಹೋಗಿತ್ತು.

"ಇಂಜಿನ್ದು ತಪ್ಪಿಲ್ಲ. ಅದು ಸುಮ್ಕಾದ್ರೂ ಅದುರು ನಿಲ್ಲಿಲ್ಲ ನೋಡ್ರಿ" ಎಂದು ಕಣ್ಣು ಬಿಟ್ಟರು.

ಶೆಡ್ಡಿಗೆ ಮರಳಿ ಜೀಪಿನ ಕೆಳಗೆ ನುಸುಳಿ, ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟನ್ನು ತೋರಿಸಿದರು. "ಇದರ ಎರಡು ತುದೀಗೆ ಎರಡು ಕ್ರಾಸು, ಬಗ್ಗೋ ಕೀಲು. ಬೀಗ್ರು ಇದ್ದಂಗೆ. ಒಬ್ಬ ಎಷ್ಟು ಬಗ್ತಾನೋ ಇನ್ನೊಬ್ಬನೂ ಅಷ್ಟೇ ಬಗ್ಬೇಕು. ಗಾಡಿ ಎತ್ತಿದ್ಮೇಲೆ ಒಬ್ಬನೇ ಬಗ್ತಾ ಅವ್ನೆ."

"ಇಷ್ಟು ಎತ್ರ ಮಾಡಿದ್ದು ಯಾರು?" ಹಟ್ಟಿಯ ಹಿರಿಯರೊಬ್ಬರು ನನ್ನತ್ತ ನೋಡಿ ಕೇಳಿದರು.

"ನಾನೇ. ನಂದೇ ತಪ್ಪು" ಅಂದರು ಮೇಸ್ತ್ರಿ.

ನಾನು ತುಟಿಪಿಟಕ್ಕೆನ್ನಲಿಲ್ಲ. ಅವರು ಎರಡು ಬೆರಳು ತಗ್ಗಿಸಿ, ಪಟ್ಟಿ ಸ್ಪ್ರಿಂಗಿಗೂ ಹಿಂದಿನ ಅಚ್ಚಿಗೂ ನಡುವೆ ಕಬ್ಬಿಣದ ಬೆಣೆ ಕೊಟ್ಟು ಬೀಗರನ್ನು ಸರಿಮಾಡಿದರು. ಮಳೆಗೆ ಮುಂಚೆ ಲಸಿಕೆ ತಲುಪಿತು, ಮರಿಗಳು ಉಳಿದವು. ಹಟ್ಟಿಯವರು ಹೊದಿಸಿದ ಕಂಬಳಿಯನ್ನು ನಾಚಿಕೆಯಿಲ್ಲದೆ ಹೊದ್ದು ಬಂದೆ. ಆಮೇಲೂ ಹತ್ತಾರು ಸಲ ಶೆಡ್ಡಿಗೆ ಹೋದೆ, ಆ ಮಾತು ಎತ್ತಲಿಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದಾಗ ನನಗೆ ಹೊಳಲ್ಕೆರೆಗೆ ವರ್ಗವಾಗಿತ್ತು. ಹೋಗಿ ಅವರ ಹೆಂಡತಿಯ ಮುಂದೆ ಕೂತು, ನಾಲ್ಕು ಬೆರಳಿಗೆ ಹಟ ಹಿಡಿದವಳು ನಾನೇ ಎಂದು ಕೊನೆಗೂ ಹೇಳಿದೆ.

"ಗೊತ್ತೈತೆ ಬಿಡ್ರಮ್ಮ" ಅಂದರು ಆಕೆ. "ಅವತ್ತೇ ಹೇಳಿದ್ರು. 'ನನ್ನ ಹೆಸ್ರು ಕೆಟ್ರೆ ನಾಕು ಜೀಪು ಬ್ಯಾರೆ ಶೆಡ್ಡಿಗೆ ಹೋಗ್ತವೆ. ಆಯಮ್ಮನ ಹೆಸ್ರು ಕೆಟ್ರೆ ಹಟ್ಟಿಯೋರು ಸೂಜಿ ಹಾಕಿಸ್ಕಳಲ್ಲ, ಮರಿ ಸಾಯ್ತವೆ' ಅಂದ್ರು."