ಹೊರಡುವುದಕ್ಕೆ ಅರ್ಧ ಗಂಟೆ

ಅವರ ಎಡಗೈಯಲ್ಲಿ ಎರಡು ವಾಚುಗಳಿರುತ್ತಿದ್ದವು. ಮಣಿಕಟ್ಟಿನ ಹತ್ತಿರ ಒಂದು, ಅದಕ್ಕಿಂತ ನಾಲ್ಕು ಬೆರಳು ಮೇಲೆ ಇನ್ನೊಂದು. ಕೆಳಗಿನದಕ್ಕೆ ಸ್ಟೀಲಿನ ಚೈನು, ಮೇಲಿನದಕ್ಕೆ ಬೆವರು ಕುಡಿದು ಕಪ್ಪಾದ ಚರ್ಮದ ಪಟ್ಟಿ. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸುವಾಗ ಅಂಗಿಯ ತೋಳು ಮೇಲೆ ಸರಿದು ಎರಡೂ ಒಟ್ಟಿಗೆ ಕಾಣುತ್ತಿದ್ದವು. ಮೊದಲ ದಿನ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

"ಎಂತ ಡ್ರೈವರಣ್ಣ ಇದು, ಒಂದು ನಿಂತ್ರೆ ಇನ್ನೊಂದು ಇರ್ಲಿ ಅಂತಲಾ?" ಅಂದೆ.

ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಕೆಳಗಿಂದು ನಮ್ದು. ಮೇಲಿಂದು ಹಡಗಿಂದು" ಅಂದರು.

ಮಂಗಳೂರಿನ ಬಂದರಿಗೆ ಚಳಿ ಶುರುವಾದಾಗಿಂದ ಬೇಸಗೆಯವರೆಗೆ ಪ್ರವಾಸಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು ಸಂಜೆ ಹೊರಟುಬಿಡುತ್ತವೆ. ಇಳಿದವರಲ್ಲಿ ಹೆಚ್ಚಿನವರು ಊರೊಳಗೆ ದೇವಸ್ಥಾನ, ಮಾರ್ಕೆಟ್ಟು ಸುತ್ತಿ ವಾಪಸ್ಸಾಗುತ್ತಾರೆ. ಕಾಫಿ ಗಿಡ ನೋಡಲೇಬೇಕು ಎಂದು ಹಟ ಹಿಡಿದ ಏಳೆಂಟು ಜನರನ್ನು ಚಾರ್ಮಾಡಿ ಘಾಟಿ ಹತ್ತಿಸಿ ಮೂಡಿಗೆರೆ ಕಡೆ ತರುವುದು, ತೋಟ ತೋರಿಸಿ ಊಟ ಮಾಡಿಸಿ, ಹಡಗಿನವರು ಬಾಗಿಲು ಹಾಕುವುದರೊಳಗೆ ಮತ್ತೆ ಬಂದರಿಗೆ ಮುಟ್ಟಿಸುವುದು ನಮ್ಮಿಬ್ಬರ ಕೆಲಸ. ನಾನು ಇಂಗ್ಲಿಷಿನಲ್ಲಿ ಬಾಯಿ ಬಡಿದುಕೊಳ್ಳುವವಳು, ಅವರು ವ್ಯಾನು ಓಡಿಸುವವರು. ಹೋಗುವುದಕ್ಕೆ ಮೂರು ಗಂಟೆ, ಬರುವುದಕ್ಕೆ ಮೂರು ಗಂಟೆ. ನಾವು ಹಡಗಿನ ಕಂಪನಿಯವರಲ್ಲ, ಹೊರಗಿನವರು. ಹಾಗಾಗಿ ನಮ್ಮ ವ್ಯಾನಿಗಾಗಿ ಹಡಗು ಒಂದು ನಿಮಿಷವೂ ಕಾಯುವುದಿಲ್ಲ. ತಪ್ಪಿಸಿಕೊಂಡವರು ಮುಂದಿನ ಬಂದರಿಗೆ ತಾವೇ ದಾರಿ ಹುಡುಕಿಕೊಳ್ಳಬೇಕು. ಮೇಲಾಗಿ ಕೆಲವು ಹಡಗುಗಳು ಹಿಂದೆ ಬಿಟ್ಟು ಬಂದ ದೇಶದ ಗಂಟೆಯನ್ನೇ ಇಟ್ಟುಕೊಂಡಿರುತ್ತವೆ. ನಮ್ಮದಕ್ಕೂ ಅದಕ್ಕೂ ಅರ್ಧ ಗಂಟೆ ಹೆಚ್ಚು ಕಡಿಮೆ. ಅದಕ್ಕೇ ಎರಡನೇ ವಾಚು. ಮೊದಲ ಪ್ರವಾಸಿ ಗೇಟು ದಾಟಿ ಬಂದ ಕೂಡಲೇ, ಹಡಗಿನಲ್ಲಿ ಈಗ ಎಷ್ಟು ಗಂಟೆ ಎಂದು ನನ್ನಿಂದ ಕೇಳಿಸಿ, ಮೇಲಿನ ವಾಚು ತಿರುಗಿಸಿಕೊಂಡೇ ಅವರು ಗಾಡಿ ಹತ್ತುತ್ತಿದ್ದದ್ದು.

ಅವರು ಕೊಟ್ಟಿಗೆಹಾರದವರು. ಹರೆಯದಲ್ಲಿ ಎಸ್ಟೇಟ್ ಜೀಪು, ಆಮೇಲೆ ಕಾಫಿ ಮೂಟೆಯ ಲಾರಿ, ಕೊನೆಗೆ ಸ್ವಂತದ ಹನ್ನೆರಡು ಸೀಟಿನ ವ್ಯಾನು. ಹಾರ್ನ್ ಹಾಕುವುದು ಎಂದರೆ ಅವರಿಗೆ ಯಾರನ್ನೋ ಬೈದ ಹಾಗೆ, ಅಷ್ಟು ಸಂಕೋಚ. ಡ್ಯಾಶ್‌ಬೋರ್ಡಿನ ಮೇಲೆ ಯಾವಾಗಲೂ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಹೆಚ್ಚಿದ ನಿಂಬೆಹಣ್ಣು. ಘಾಟಿಯಲ್ಲಿ ಹೊಟ್ಟೆ ತೊಳೆಸುವವರಿಗೆ ಅದೇ ಔಷಧ. ಕನ್ನಡಿಯಲ್ಲಿ ಒಬ್ಬರ ಮುಖ ಸ್ವಲ್ಪ ಬಿಳಿಚಿಕೊಂಡರೂ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. "ಮೂರನೇ ಸೀಟಿನೋರಿಗೆ ಒಂದು ಹೋಳು ಕೊಡು" ಅನ್ನುತ್ತಿದ್ದರು, ನಾನು ತಿರುಗಿ ನೋಡಿದರೆ ಹೌದು, ಆ ಮನುಷ್ಯ ಬಾಯಿಗೆ ಕರವಸ್ತ್ರ ಹಿಡಿದಿರುತ್ತಿದ್ದ.

ಇನ್ನು ಹೊರಡುವ ವಿಚಾರ. ನಮ್ಮ ಕಡೆಯ ಮನೆಗಳಿಗೆ ಹೋಗುವುದು ಸುಲಭ ಮಾರಾಯ್ರೆ, ಹೊರಡುವುದೇ ಕಷ್ಟ. "ಬರ್ತೀವಿ" ಅಂತ ಎದ್ದರೆ ಜಗಲಿಯಲ್ಲಿ ಇನ್ನೊಂದು ಲೋಟ ಕಾಫಿ. ಅಂಗಳಕ್ಕೆ ಇಳಿದರೆ ಒಳಗಿಂದ, "ಒಂದು ನಿಮಿಷ, ಕಾಳುಮೆಣಸು ಕಟ್ಟಿಟ್ಟಿದ್ದೆ, ಮರ್ತೇಹೋಯ್ತು!" ಗೇಟಿಗೆ ಬಂದರೆ ಅಷ್ಟು ಹೊತ್ತು ಬಾಯಿ ಬಿಡದ ಯಜಮಾನರು ಆಗ ಬಾಯಿ ಬಿಡುತ್ತಾರೆ, ಈ ವರ್ಷದ ಮಳೆಯಿಂದ ಹಿಡಿದು ಷಡ್ಡಕನ ಮಂಡಿನೋವಿನವರೆಗೆ. ಒಟ್ಟು ಅರ್ಧ ಗಂಟೆ. ಮೊದಲ ವರ್ಷ ನಾನು ಇದನ್ನೆಲ್ಲ ಕತ್ತರಿಸಿ ಹಾಕುತ್ತೇನೆ ಅಂತ ಹೊರಟೆ. ಊಟ ಮುಗಿದ ಕೂಡಲೇ ಚಪ್ಪಾಳೆ ತಟ್ಟಿ ಪ್ರವಾಸಿಗಳನ್ನು ಕುರಿಮಂದೆಯ ಹಾಗೆ ವ್ಯಾನಿಗೆ ಅಟ್ಟಿದೆ. ಡ್ರೈವರಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

"ಕಡಿಮೆ ಮಾಡೋದಾದ್ರೆ ನೋಡೋದ್ರಲ್ಲಿ ಮಾಡು ಮಾರಾಯ್ತಿ, ಹೊರಡೋದ್ರಲ್ಲಿ ಬೇಡ. ಅಡುಗೆ ಮಾಡಿ ಹಾಕಿದ ಮನೆಯಿಂದ ಹಂಗೆ ಓಡಿಹೋಗ್ತಾರಾ? ಹೊರಡೋಕೆ ಅರ್ಧ ಗಂಟೆ ಬೇಕು ಅಂತ ಬೆಳಿಗ್ಗೆನೇ ಇಟ್ಕೊಂಡಿರ್ಬೇಕು."

ಅವರು ಇಟ್ಟುಕೊಂಡೇ ಇರುತ್ತಿದ್ದರು. ಒಂದು ಗಂಟೆಗೆ ಸರಿಯಾಗಿ ಅಂಗಳದ ತುದಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ಪ್ರತ್ಯಕ್ಷ. "ಹೊರಡೋದು ಶುರು ಮಾಡಣಾ?" ಇಷ್ಟೇ ಮಾತು. ಒಂದೂವರೆಗೆ ವ್ಯಾನು ಗೇಟು ದಾಟಿರುತ್ತಿತ್ತು, ಯಾರಿಗೂ ಓಡಿಸಿದ ಹಾಗೆ ಅನ್ನಿಸದೆ.

ಬಂದರಿನಲ್ಲೂ ಇದೇ ಕತೆ. ಎಲ್ಲರನ್ನೂ ಒಳಗೆ ಕಳಿಸಿದ ಮೇಲೂ ಹೊರಡುವವರಲ್ಲ. ಹಡಗಿನ ಕೂಗು ಕೇಳುವವರೆಗೆ ವ್ಯಾನಿಗೆ ಒರಗಿ ನಿಂತಿರುತ್ತಿದ್ದರು. "ಹತ್ತಿಸಿದ್ದಾಯ್ತಲ್ಲ ಅಣ್ಣ, ನಮಗೂ ಮನೆ ಮಠ ಇಲ್ವಾ?" ಎಂದು ನಾನು ಸಿಡುಕುತ್ತಿದ್ದೆ. "ನೆಂಟರು ಗೇಟಲ್ಲಿರುವಾಗಲೇ ಬಾಗಿಲು ಹಾಕ್ಕೋತೀಯಾ ನೀನು?" ಅನ್ನುತ್ತಿದ್ದರು. ಅಷ್ಟು ವರ್ಷ ಹಡಗಿನ ಕೆಲಸ ಮಾಡಿದ ಮನುಷ್ಯ ಒಂದು ಹಡಗನ್ನೂ ಒಳಗೆ ಹೋಗಿ ನೋಡಿದವರಲ್ಲ, ನಮ್ಮಂಥವರನ್ನು ಒಳಗೆ ಬಿಡುವುದೂ ಇಲ್ಲ.

ಒಂದು ಮಾರ್ಚಿನಲ್ಲಿ ನಾರ್ವೆಯ ಒಬ್ಬರು ಅಜ್ಜಿ ಬಂದರು. ಎಪ್ಪತ್ತೈದು ದಾಟಿದವರು, ಒಬ್ಬರೇ. ಗಂಡ ಹಡಗಿನಲ್ಲೇ ಉಳಿದಿದ್ದರು. ಅವರಿಗೆ ಮರೆವಿನ ಕಾಯಿಲೆ. ಹೆಂಡತಿ ಕಾಣದಿದ್ದರೆ ಬೂಟು ಹಾಕಿಕೊಂಡು ಹುಡುಕಲು ಹೊರಟುಬಿಡುತ್ತಾರಂತೆ. ಕೋಣೆ ನೋಡಿಕೊಳ್ಳುವ ಹುಡುಗಿಯೊಬ್ಬಳು ಐದೂವರೆಯವರೆಗೆ ಜೊತೆಗಿರುತ್ತೇನೆ ಎಂದು ಒಪ್ಪಿಕೊಂಡಿದ್ದಳು. ಐದೂವರೆಗೇ ಹಡಗಿನ ಬಾಗಿಲು ಹಾಕುವುದೂ. ಇಬ್ಬರೂ ಸೇರಿ ಕಾಫಿ ಹೂ ನೋಡಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದರಂತೆ. ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಡ್ರೈವರಣ್ಣ ಕನ್ನಡಿಯನ್ನು ಸ್ವಲ್ಪ ತಿರುಗಿಸಿ ಅಜ್ಜಿ ಕಾಣುವ ಹಾಗೆ ಇಟ್ಟುಕೊಂಡರು, ಅಷ್ಟೆ.

ಅದೃಷ್ಟ ನೋಡಿ, ಒಂಬತ್ತು ದಿನದ ಹಿಂದೆ ಕಾಫಿ ಅರಳಿಸುವ ಒಳ್ಳೆಯ ಹೂಮಳೆ ಬಿದ್ದಿತ್ತು. ದೇವರಮನೆ ದಾರಿಯ ಆ ತೋಟ ಬೆಳ್ಳಗೆ ಅರಳಿ ನಿಂತಿತ್ತು. ಪರಿಮಳಕ್ಕೆ ತಲೆ ತಿರುಗಬೇಕು. ಅಜ್ಜಿ ಗಿಡದ ಮುಂದೆ ನಿಂತು ಅತ್ತೇಬಿಟ್ಟರು.  ಹೊರಡುವ ಹೊತ್ತಿಗೆ ತೋಟದ ಯಜಮಾನ್ತಿಯವರ ಹತ್ತಿರ, "ಅಕ್ಕಾ, ಅವರ ಯಜಮಾನ್ರಿಗೆ ಒಂದು ಕೊಂಬೆ ಹೂ ಕೊಡ್ತೀರಾ?" ಎಂದು ಕೇಳಿದೆ.

ಕೇಳಬಾರದಿತ್ತು. ನಾನೂ ಇದೇ ನೆಲದವಳು, ಗೊತ್ತಿರಬೇಕಿತ್ತು. ತೋಟದವರು ಕಾಫಿ ಹೂ ಕೀಳುವುದಿಲ್ಲ. ಒಂದೊಂದು ಹೂವೂ ಒಂದೊಂದು ಹಣ್ಣು. ದೇವರಿಗೂ ಇಡುವುದಿಲ್ಲ, ಮುಡಿಗೂ ಇಲ್ಲ. ಆದರೆ ಮನೆಗೆ ಬಂದವರು ಬಾಯಿ ಬಿಟ್ಟು ಕೇಳಿದ್ದಕ್ಕೆ ಇಲ್ಲ ಅನ್ನುವುದು ಹೇಗೆ? ಯಜಮಾನ್ತಿ ಇಕ್ಕಟ್ಟಿಗೆ ಸಿಕ್ಕಿದರು. "ಇರಿ, ಹೆಂಗೂ ತೆಗಿಬೇಕಾದ ಮುರುಕು ಗೆಲ್ಲು ಎಲ್ಲಾದ್ರೂ ಇರ್ತದೆ" ಎಂದು ಅಜ್ಜಿಯ ಕೈ ಹಿಡಿದು ತೋಟಕ್ಕೆ ಇಳಿದೇಬಿಟ್ಟರು. ಡ್ರೈವರಣ್ಣ ಆಗ ಗಾಡಿಗೆ ನೀರು ತುಂಬಿಸುತ್ತಿದ್ದರು. ತಿರುಗಿ ನೋಡುವಾಗ ಇಬ್ಬರೂ ಇಲ್ಲ. ಮರ ಬಿದ್ದು ಮುರಿದಿದ್ದ ಗಿಡವೊಂದು ಕೆಳಗಿನ ಹಳ್ಳದ ಹತ್ತಿರ ಸಿಕ್ಕಿತಂತೆ. ಗೆಲ್ಲು ಹಿಡಿದುಕೊಂಡು ಅವರು ಹತ್ತಿ ಬರುವಾಗ ಎರಡು ಗಂಟೆ. ಆಮೇಲೆ ಕಾಫಿ, ಕಾಳುಮೆಣಸು, ಗೇಟು.

ಆ ಹಡಗು ನಮ್ಮ ಗಂಟೆಗೇ ನಡೆಯುತ್ತಿತ್ತು. ಎರಡು ವಾಚಿನಲ್ಲೂ ಒಂದೇ ಹೊತ್ತು, ಎರಡೂಕಾಲು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಆದರೂ ಹೇಗೋ ಮುಟ್ಟುತ್ತಿದ್ದೆವೇನೋ. ಚಾರ್ಮಾಡಿಯಲ್ಲಿ ನಾಲ್ಕನೇ ತಿರುವಿಗೆ ಬರುವಾಗ ಮುಂದೆ ಗಾಡಿಗಳ ಸಾಲು. ಘಾಟಿಗೆ ಬರಲೇಬಾರದ ಒಂದು ಉದ್ದನೆಯ ಲಾರಿ ತಿರುವಿನಲ್ಲಿ ಅಡ್ಡ ಸಿಕ್ಕಿಕೊಂಡು ಕೂತಿತ್ತು. ಮೋಟಾರ್ ಸೈಕಲ್ ಬಿಟ್ಟರೆ ಬೇರೇನೂ ದಾಟುವ ಹಾಗಿಲ್ಲ. ಕ್ರೇನು ಬರಬೇಕು, ಎರಡು ಗಂಟೆಯಾದರೂ ಬೇಕು ಎಂದರು ಯಾರೋ.  ಹಿಂದೆ ಅಜ್ಜಿ ತೊಡೆಯ ಮೇಲೆ ಒದ್ದೆ ಬಟ್ಟೆ ಸುತ್ತಿದ ಗೆಲ್ಲು ಇಟ್ಟುಕೊಂಡು, "ಏನಾದರೂ ತೊಂದರೆಯಾ?" ಎಂದು ಕೇಳುತ್ತಿದ್ದಾರೆ. ನನಗೆ ಅಳು ಬಂದುಬಿಟ್ಟಿತು.

"ಅಳೋದಾದ್ರೆ ಹಡಗು ಹೋದ್ಮೇಲೆ ಅಳು" ಅಂದರು ಡ್ರೈವರಣ್ಣ. "ಈಗ ಎಲ್ಲರನ್ನೂ ಇಳ್ಸು. ಚೀಲ ಒಂದೂ ಬಿಡೋದು ಬೇಡ. ಹೂ ಜೋಪಾನ."

ಲಾರಿಯ ಪಕ್ಕದ ಕಿರುದಾರಿಯಲ್ಲಿ ಎಂಟು ಜನರನ್ನು ಒಬ್ಬೊಬ್ಬರಾಗಿ ದಾಟಿಸಿದೆವು. ಆಚೆ ಕಡೆ ಘಾಟಿ ಹತ್ತಲು ಬಂದು ನಿಂತ ಗಾಡಿಗಳ ಸಾಲು. ಅವರು ಒಂದೊಂದನ್ನೇ ನೋಡುತ್ತಾ ಹೋಗಿ ನಮ್ಮದರಂಥದೇ ಒಂದು ವ್ಯಾನಿನ ಹತ್ತಿರ ನಿಂತರು. ಬೆಳ್ತಂಗಡಿ ಕಡೆಯ ಹತ್ತು ಜನ ಕಳಸಕ್ಕೆ ಬೀಗರ ಮನೆಗೆ ಹೊರಟಿದ್ದರು. ಡ್ರೈವರಣ್ಣ ತಮ್ಮ ಕೀ ತೆಗೆದು ಆ ಡ್ರೈವರಿನ ಅಂಗೈಯಲ್ಲಿಟ್ಟರು. ಮಾತು ಆಮೇಲೆ.

"ನಿಮ್ಮೋರನ್ನ ನನ್ನ ಗಾಡೀಲಿ ಕಳಸಕ್ಕೆ ಮುಟ್ಟಿಸಿ. ನನ್ನೋರನ್ನ ನಿಮ್ಮ ಗಾಡೀಲಿ ಬಂದರಿಗೆ ಮುಟ್ಟಿಸ್ತೀನಿ. ನಾಳೆ ಬದಲಾಯಿಸ್ಕೊಳ್ಳಣ."

ಘಾಟಿ ಬಂದ್ ಆದಾಗ ಬಸ್ಸಿನವರು ಹೀಗೆ ಜನ ಬದಲಾಯಿಸಿಕೊಳ್ಳುವುದನ್ನು ನಾನು ನೋಡಿದ್ದೆ. ಸ್ವಂತ ಗಾಡಿಯನ್ನು ಗುರುತಿಲ್ಲದವರ ಕೈಗೆ ಕೊಡುವುದನ್ನು ನೋಡಿರಲಿಲ್ಲ. ಆ ಡ್ರೈವರ್ ಕೂಡ ಕಕ್ಕಾಬಿಕ್ಕಿ.

"ನಿಮ್ಮ ಪರಿಚಯವೇ ಇಲ್ಲ ಮಾರಾಯ್ರೆ, ಗಾಡಿ ಹೇಗೆ ಕೊಡುವುದು?"

"ನಂಗೂ ನಿಮ್ಮ ಪರಿಚಯ ಇಲ್ಲ. ಕೀ ಕೊಟ್ನಲ್ಲ." ಅಜ್ಜಿಯ ಕಡೆ ತೋರಿಸಿದರು. "ಅವರ ಯಜಮಾನ್ರು ಹಡಗಲ್ಲಿದಾರೆ, ಮರೆವು. ಇವ್ರು ಹೋಗ್ಲಿಲ್ಲ ಅಂದ್ರೆ ಅವರಿಗೆ ಯಾರೂ ಇಲ್ಲ."

ಆ ವ್ಯಾನಿನ ಕಿಟಕಿಯಿಂದ ಒಬ್ಬರು ಹಿರಿಯ ಹೆಂಗಸು ತಲೆ ಹೊರಗೆ ಹಾಕಿ, "ಕೊಡು ಮಾರಾಯ, ಪಾಪ! ನಾವು ನಡೆದು ಆಚೆ ಹೋಗ್ತೇವೆ" ಎಂದು ಸೆರಗು ಸಿಕ್ಕಿಸಿ ಇಳಿದೇಬಿಟ್ಟರು. ಯಜಮಾನಿಕೆ ಅವರದೇ ಇರಬೇಕು, ಉಳಿದ ಒಂಬತ್ತೂ ಜನ ಹಿಂದೆಯೇ ಇಳಿದರು. ಬೀಗರಿಗೆಂದು ಒಯ್ಯುತ್ತಿದ್ದ ಒಣಮೀನಿನ ಬುಟ್ಟಿಯೂ ಇಳಿಯಿತು, ಅದರ ವಾಸನೆ ಮಾತ್ರ ನಮ್ಮ ಪಾಲಿಗೆ ಉಳಿಯಿತು.

ಅವರು ಜೋರಾಗಿ ಓಡಿಸಲಿಲ್ಲ. ಯಾವಾಗಲೂ ಅರ್ಧ ಗಂಟೆ ತಿನ್ನುವ ಚಾ, ಫೋಟೋಗಳಿಗೆಂದು ಎಲ್ಲೂ ನಿಲ್ಲಿಸಲಿಲ್ಲ, ಅಷ್ಟೆ. ಬಂದರಿನ ಗೇಟಿಗೆ ಬರುವಾಗ ಐದು ಇಪ್ಪತ್ತೆರಡು. ನಮ್ಮ ಪ್ರವಾಸ ಏರ್ಪಡಿಸಿದ ಏಜೆಂಟರು ಗೇಟಿನಲ್ಲಿ ಕೆಂಡ ಕಾರುತ್ತಾ ನಿಂತಿದ್ದರು. ಯಾರ ತಪ್ಪು ಇದು ಎಂದು ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಡ್ರೈವರಣ್ಣ, "ನಂದೇ ಸಾರ್, ಹೊರಡಿಸಿದ್ದು ತಡ ಆಯ್ತು" ಎಂದರು. ಅಜ್ಜಿ ಓಡಲು ಹೊರಟವರು ಎರಡು ಹೆಜ್ಜೆ ವಾಪಸ್ಸು ಬಂದು, ಆ ಎರಡು ವಾಚಿನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು. ಅಂಥಾ ಗಡಿಬಿಡಿಯಲ್ಲೂ ಡ್ರೈವರಣ್ಣ ಕೈ ಎಳೆದುಕೊಳ್ಳಲಿಲ್ಲ. ಆರು ಗಂಟೆಗೆ ಹಡಗು ಕೂಗಿತು. ಆಗಲೇ ಅವರು ಒಂದು ಲೋಟ ನೀರು ಕುಡಿದದ್ದು.

"ನಂಗೆ ಬೈಯ್ರಿ ಅಣ್ಣ" ಅಂದೆ, ವಾಪಸ್ಸು ಬರುವಾಗ.

"ಹೂ ಕೇಳಿದ್ದು ತಪ್ಪಲ್ಲ" ಅಂದರು. "ಕೇಳೋಕೆ ಮೊದಲು ನನ್ನ ಕೈ ಒಂಚೂರು ನೋಡ್ಬೇಕಿತ್ತು."

ನಾಲ್ಕು ದಿನದ ಮೇಲೆ ನನ್ನ ಮೊಬೈಲಿಗೆ ಒಂದು ಫೋಟೋ ಬಂತು. ಹಡಗಿನ ಕಿಟಕಿಯ ಹತ್ತಿರ ಒಬ್ಬರು ಅಜ್ಜ, ಮುಂದೆ ನೀರಿನ ಲೋಟದಲ್ಲಿ ಬಾಡಿದ ಕಾಫಿ ಗೆಲ್ಲು. ಎರಡು ದಿನ ಅದನ್ನೇ ಮೂಸುತ್ತಾ ಕೂತಿದ್ದರು, ಬೂಟು ಕೇಳಲಿಲ್ಲ ಎಂದು ಅಜ್ಜಿ ಬರೆದಿದ್ದರು. ಡ್ರೈವರಣ್ಣನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಹಡಗೊಳಗೆ ಇಷ್ಟು ದೊಡ್ಡ ಕಿಟಕಿ ಇರ್ತದಾ?" ಎಂದು ಮಾತ್ರ ಕೇಳಿದರು.

ಕಳೆದ ವರ್ಷ ಅವರಿಗೆ ಹೊಟ್ಟೆಯ ಕಾಯಿಲೆ ಎಂದು ಗೊತ್ತಾಯಿತು. ಗೊತ್ತಾಗುವಾಗಲೇ ತಡವಾಗಿತ್ತು. ವ್ಯಾನು ನಿಂತಿತು, ನನಗೆ ಬೇರೆ ಡ್ರೈವರ್ ಬಂದ. ಈ ಜನವರಿಯಲ್ಲಿ ಹಡಗಿನವರನ್ನು ಕರೆದುಕೊಂಡು ಮೇಲೆ ಬರುವಾಗ, ಕೊಟ್ಟಿಗೆಹಾರದಲ್ಲಿ ಅವರನ್ನೆಲ್ಲ ನೀರುದೋಸೆಗೆ ಕೂರಿಸಿ, ಡ್ರೈವರಣ್ಣನ ಮನೆಗೆ ಓಡಿದೆ. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದರು. ಕೈ ಕಡ್ಡಿಯಾಗಿತ್ತು. ವಾಚುಗಳು ಜಾರಬಾರದೆಂದು ಕೆಳಗಿನದರ ಚೈನಿಗೆ ದಾರ ಸುತ್ತಿದ್ದರು, ಮೇಲಿನದರ ಪಟ್ಟಿಗೆ ಹೊಸ ತೂತು ಕೊರೆದಿದ್ದರು. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಗಂಟೆ ವ್ಯತ್ಯಾಸ.

"ಈಗ ಯಾವ ಹಡಗಿನ ಟೈಮು ಅಣ್ಣ ಅದು?"

"ನಿಂದೇ. ಬೆಳಿಗ್ಗೆ ನಿಮ್ಮ ಡ್ರೈವರಿಗೆ ಫೋನ್ ಮಾಡಿ ಕೇಳ್ದೆ" ಅಂದರು. ಆಮೇಲೆ ನನ್ನ ಮುಖ ನೋಡಿ, "ಎಷ್ಟು ಹೊತ್ತಿದೆ ನಿಂಗೆ?" ಎಂದು ಕೇಳಿದರು.

"ಅರ್ಧ ಗಂಟೆ."

"ಹಂಗಾದ್ರೆ ನೋಡೋದೇನೂ ಬೇಡ. ಹೊರಡೋದು ಶುರು ಮಾಡು."

ಶುರು ಮಾಡಿದೆ. ಅವರ ಹೆಂಡತಿ ಕಾಫಿ ತಂದರು, ಅಲ್ಲೇ ಮಂಚದ ಪಕ್ಕ ಕೂತು ಕುಡಿದೆ. ಜಗಲಿಗೆ ಬಂದೆ, ಒಳಗಿಂದ ಅವರ ದನಿ, "ಮೆಣಸು ಕಟ್ಟಿಟ್ಟಿದ್ಯಲ್ಲ, ಕೊಟ್ಯಾ ಅವಳಿಗೆ?" ಅಂಗಳಕ್ಕೆ ಇಳಿದೆ, ಕಿಟಕಿಯ ಹತ್ತಿರ ನಿಂತೆ. ಯಾವತ್ತೂ ಹೆಚ್ಚು ಮಾತಾಡದವರು ಅವತ್ತು ಚಾರ್ಮಾಡಿಯ ಮಂಜು, ಹೊಸ ಡ್ರೈವರಿನ ಬ್ರೇಕು, ನಿಂಬೆಹಣ್ಣಿನ ಡಬ್ಬಿ ಎಲ್ಲ ಮಾತಾಡಿದರು. ಗೇಟಿನಲ್ಲಿ ತಿರುಗಿ ನೋಡಿದಾಗ ಕಿಟಕಿಯ ಸರಳಿನಾಚೆ ಎಡಗೈ ಎತ್ತಿಕೊಂಡೇ ಇದ್ದರು. ನಾನು ರಸ್ತೆಯ ತಿರುವು ದಾಟುವವರೆಗೆ ಇಳಿಸಲಿಲ್ಲ.

ಅವತ್ತು ಹಡಗಿಗೆ ಮುಕ್ಕಾಲು ಗಂಟೆ ಮೊದಲೇ ಮುಟ್ಟಿದೆವು. ಎಲ್ಲರನ್ನೂ ಒಳಗೆ ಕಳಿಸಿ, ಹೊಸ ಡ್ರೈವರ್ ಗೊಣಗುತ್ತಿದ್ದರೂ ಕೇಳದೆ, ಕೂಗು ಕೇಳುವವರೆಗೆ ನಿಂತೆ. ಮೂರು ದಿನದ ಮೇಲೆ ಅವರು ಹೋದರೆಂದು ಸುದ್ದಿ ಬಂತು. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಘಾಟಿಯಲ್ಲಿ ಹಡಗಿನವರ ಜೊತೆ ಕೆಳಗೆ ಇಳಿಯುತ್ತಿದ್ದೆ. ಅದಕ್ಕಾಗಿ ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ನನಗೆ ಸಮಾಧಾನ ಬೇಕಿರಲಿಲ್ಲ. ನಾವಿಬ್ಬರೂ ಅರ್ಧ ಗಂಟೆ ಪೂರ್ತಿ ಹೊರಟಿದ್ದೆವು.